ವಿಡಿಯೊ ಡೌನ್‌ಲೋಡ್ ಮಾಡುವ ತಂತ್ರಾಂಶವೇ ಅಪರಾಧವೇ? ಯೂಟ್ಯೂಬ್-ಡಿಎಲ್ ಜಗಳದ ಕತೆ

ನಿನ್ನೆ ನೋಡಿದ ವಿಡಿಯೊವನ್ನು ಇವತ್ತು ತೆರೆದರೆ 'ಈ ವಿಡಿಯೊ ಲಭ್ಯವಿಲ್ಲ' ಎಂಬ ಸಂದೇಶ. ಇಂಥ ಅನುಭವ ಆಗದವರು ಕಡಿಮೆ. ಇಷ್ಟವಾದದ್ದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳೋಣ ಅನ್ನಿಸುವುದು ಇದೇ ಕಾರಣಕ್ಕೆ. ಆದರೆ ಡೌನ್‌ಲೋಡ್ ವಿಷಯ ಬಂದ ಕೂಡಲೇ ಎರಡು ಬಗೆಯ ಮಾತು ಕೇಳಿಬರುತ್ತದೆ. "ಇಂಟರ್‌ನೆಟ್‌ಗೆ ಹಾಕಿದ ಮೇಲೆ ಅದು ಎಲ್ಲರದೂ, ಏನು ಬೇಕಾದರೂ ಮಾಡಬಹುದು" ಎಂಬುದು ಒಂದು. "ಡೌನ್‌ಲೋಡ್ ಮಾಡುವ ಸಾಫ್ಟ್‌ವೇರ್‌ಗಳೆಲ್ಲ ಬ್ಯಾನ್ ಆಗಿವೆ, ಫೋನಿನಲ್ಲಿ ಸಿಕ್ಕರೆ ಜೈಲು" ಎಂಬುದು ಇನ್ನೊಂದು.

ಎರಡೂ ತಪ್ಪು. ಏಕೆ ತಪ್ಪು ಎಂದು ತಿಳಿಯಬೇಕಾದರೆ 2020ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಜಗಳವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಅಲ್ಲಿ ಗುರಿಯಾದದ್ದು ಹಾಡನ್ನು ಕದ್ದವರಲ್ಲ, ಒಂದು ಉಪಕರಣ. ಯೂಟ್ಯೂಬ್-ಡಿಎಲ್ ಎಂಬ, ಯಾರು ಬೇಕಾದರೂ ತೆರೆದು ಓದಬಹುದಾದ, ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶ.

ಏನಿದು ಯೂಟ್ಯೂಬ್-ಡಿಎಲ್?

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳೋಣ. ನಾವು ಫೋನಿನಲ್ಲಿ ವಿಡಿಯೊ 'ನೋಡುವುದು' ಬೇರೆ, 'ಡೌನ್‌ಲೋಡ್ ಮಾಡುವುದು' ಬೇರೆ ಎಂದುಕೊಳ್ಳುತ್ತೇವೆ. ತಾಂತ್ರಿಕವಾಗಿ ಎರಡರಲ್ಲೂ ದತ್ತಾಂಶ ನಮ್ಮ ಸಾಧನಕ್ಕೆ ಬಂದೇ ಬರುತ್ತದೆ. ಬರದೆ ಪರದೆಯ ಮೇಲೆ ಮೂಡುವುದಾದರೂ ಹೇಗೆ? ಯೂಟ್ಯೂಬ್‌ನ ಸರ್ವರ್ ವಿಡಿಯೊವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಕಳಿಸುತ್ತದೆ. ಚಿತ್ರ ಒಂದು ಕಡೆಯಿಂದ, ಧ್ವನಿ ಇನ್ನೊಂದು ಕಡೆಯಿಂದ ಬರುವುದೂ ಉಂಟು. ನಮ್ಮ ಬ್ರೌಸರ್ ಅಥವಾ ಆ್ಯಪ್ ಅವನ್ನು ಹೊಂದಿಸಿ ತೋರಿಸಿ, ಆಮೇಲೆ ಎಸೆದುಬಿಡುತ್ತದೆ. ಎಸೆಯದೆ ಜೋಡಿಸಿ ಒಂದು ಫೈಲ್ ಆಗಿ ಇಟ್ಟುಕೊಂಡರೆ ಅದೇ ಡೌನ್‌ಲೋಡ್.

ಯೂಟ್ಯೂಬ್-ಡಿಎಲ್ ಮಾಡುವುದು ಇಷ್ಟೇ ಕೆಲಸ. ವಿಡಿಯೊ ಇರುವ ಪುಟವನ್ನು ಬ್ರೌಸರ್ ಓದುವ ಹಾಗೆಯೇ ಓದಿ, ವಿಡಿಯೊ ನಿಜವಾಗಿ ಯಾವ ವಿಳಾಸದಲ್ಲಿದೆ ಎಂದು ಹುಡುಕಿ, ತುಂಡುಗಳನ್ನು ತರಿಸಿ ಉಳಿಸುತ್ತದೆ. 2006ರಲ್ಲಿ ರಿಕಾರ್ಡೊ ಗಾರ್ಸಿಯಾ ಎಂಬ ಸ್ಪೇನಿನ ಪ್ರೋಗ್ರಾಮರ್ ಇದನ್ನು ಬರೆದರು. ಆಗ ಅವರ ಮನೆಯಲ್ಲಿದ್ದದ್ದು ತೀರಾ ನಿಧಾನದ ಇಂಟರ್‌ನೆಟ್ ಸಂಪರ್ಕ. ನಿಂತು ನಿಂತು ಓಡುವ ವಿಡಿಯೊ ನೋಡುವುದಕ್ಕಿಂತ ಪೂರ್ತಿ ಇಳಿಸಿಕೊಂಡು ಆಮೇಲೆ ನೋಡುವುದು ಸುಲಭವಾಗಿತ್ತು. ಮುಂದೆ ಬೇರೆ ಬೇರೆ ದೇಶಗಳ ಹವ್ಯಾಸಿಗಳು ಸೇರಿ ಬೆಳೆಸಿದ್ದರಿಂದ ಸಾವಿರಕ್ಕೂ ಹೆಚ್ಚು ಜಾಲತಾಣಗಳಲ್ಲಿ ಇದು ಕೆಲಸ ಮಾಡತೊಡಗಿತು. ಹೆಸರಿನಲ್ಲಿ ಯೂಟ್ಯೂಬ್ ಇದ್ದರೂ ಅದಕ್ಕೂ ಯೂಟ್ಯೂಬ್ ಕಂಪನಿಗೂ ಸಂಬಂಧವಿಲ್ಲ. ಇದಕ್ಕೆ ಬೆಲೆ ಇಲ್ಲ, ಜಾಹೀರಾತು ಇಲ್ಲ, ಚೆಂದದ ಬಟನ್‌ಗಳೂ ಇಲ್ಲ. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಆದೇಶ ಟೈಪ್ ಮಾಡಿ ನಡೆಸಬೇಕು. ಹೀಗಾಗಿ ಸಾಮಾನ್ಯ ಫೋನ್ ಬಳಕೆದಾರರಿಗೆ ಇದರ ಹೆಸರೇ ಗೊತ್ತಿರಲಿಲ್ಲ. ತಮಾಷೆ ಎಂದರೆ, ಜಗಳ ಆದ ಮೇಲೇ ಬಹಳ ಮಂದಿಗೆ ಗೊತ್ತಾದದ್ದು.

2020ರ ಅಕ್ಟೋಬರ್ 23

ಪ್ರೋಗ್ರಾಮರ್‌ಗಳು ತಮ್ಮ ಸೋರ್ಸ್ ಕೋಡ್ ಇಟ್ಟುಕೊಳ್ಳುವ ಜಗತ್ತಿನ ಅತಿದೊಡ್ಡ ತಾಣ ಗಿಟ್‌ಹಬ್. 2018ರಿಂದ ಅದು ಮೈಕ್ರೋಸಾಫ್ಟ್ ಒಡೆತನದಲ್ಲಿದೆ. ಯೂಟ್ಯೂಬ್-ಡಿಎಲ್ ಇದ್ದದ್ದೂ ಅಲ್ಲೇ. 2020ರ ಅಕ್ಟೋಬರ್ 23ರಂದು ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘವಾದ ಆರ್‌ಐಎಎ ಗಿಟ್‌ಹಬ್‌ಗೆ ಒಂದು ನೋಟಿಸ್ ಕಳಿಸಿತು. ಸೋನಿ, ಯೂನಿವರ್ಸಲ್, ವಾರ್ನರ್‌ನಂಥ ದೊಡ್ಡ ಸಂಗೀತ ಕಂಪನಿಗಳೆಲ್ಲ ಈ ಸಂಘದ ಸದಸ್ಯರು. ಗಿಟ್‌ಹಬ್ ಯೂಟ್ಯೂಬ್-ಡಿಎಲ್ ಅನ್ನೂ ಅದರ ಹಲವು ನಕಲುಗಳನ್ನೂ ತಾಣದಿಂದ ಇಳಿಸಿತು.

ನೋಟಿಸಿನಲ್ಲಿ ಎರಡು ದೂರುಗಳಿದ್ದವು. ಒಂದು, ಈ ತಂತ್ರಾಂಶ ಯೂಟ್ಯೂಬ್ ಹಾಕಿರುವ 'ಬೀಗ'ವನ್ನು ಮುರಿಯುತ್ತದೆ ಎಂಬುದು. ಇನ್ನೊಂದು, ಅದರ ಸೋರ್ಸ್ ಕೋಡ್ ಒಳಗೇ ಟೇಲರ್ ಸ್ವಿಫ್ಟ್, ಜಸ್ಟಿನ್ ಟಿಂಬರ್‌ಲೇಕ್ ಮತ್ತು ಐಕೋನಾ ಪಾಪ್ ತಂಡದ ಮೂರು ಹಾಡುಗಳ ವಿಳಾಸಗಳಿವೆ, ಅಂದರೆ ಇದರ ಉದ್ದೇಶವೇ ಹಾಡು ಕದಿಯುವುದು ಎಂಬುದು.

ಎರಡನೆಯ ದೂರು ಮೇಲುನೋಟಕ್ಕೆ ಬಲವಾಗಿ ಕಾಣುತ್ತದೆ. ಆದರೆ ಆ ವಿಳಾಸಗಳು ಇದ್ದದ್ದು ಪರೀಕ್ಷೆಯ ಭಾಗದಲ್ಲಿ. ತಂತ್ರಾಂಶ ಬರೆಯುವವರು ಪ್ರತಿ ಬದಲಾವಣೆಯ ನಂತರ ಎಲ್ಲವೂ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಚಿಕ್ಕ ಚಿಕ್ಕ ಪರೀಕ್ಷೆಗಳನ್ನು ಬರೆದಿಟ್ಟಿರುತ್ತಾರೆ. ದೊಡ್ಡ ಕಂಪನಿಗಳ ಸಂಗೀತದ ವಿಡಿಯೊಗಳನ್ನು ಯೂಟ್ಯೂಬ್ ಸ್ವಲ್ಪ ಬೇರೆ ರೀತಿಯಲ್ಲಿ ಒದಗಿಸುತ್ತಿದ್ದುದರಿಂದ ಅದನ್ನೂ ಪರೀಕ್ಷಿಸಬೇಕಿತ್ತು. ಆ ಪರೀಕ್ಷೆ ಹಾಡಿನ ಕೆಲವೇ ಸೆಕೆಂಡುಗಳನ್ನು ತರಿಸಿ ನೋಡುತ್ತಿತ್ತು, ಹಾಡನ್ನು ಯಾರಿಗೂ ಹಂಚುತ್ತಿರಲಿಲ್ಲ. ಹಾಗಿದ್ದರೂ, ಬೇರೆ ಯಾವುದಾದರೂ ವಿಡಿಯೊ ಹುಡುಕದೆ ಇಷ್ಟು ಹೆಸರಾಂತ ಹಾಡುಗಳನ್ನೇ ಅಲ್ಲಿ ಬರೆದಿಟ್ಟದ್ದು ಜಾಣತನವಾಗಿರಲಿಲ್ಲ ಎಂದೇ ಹೇಳಬೇಕು. ಎದುರಾಳಿಯ ವಕೀಲರಿಗೆ ಕೈಗೆ ಕೋಲು ಕೊಟ್ಟ ಹಾಗಾಯಿತು.

ಇದು ಬೀಗವೇ, ಅಲ್ಲವೇ?

ನಿಜವಾದ ಜಗಳ ಇದ್ದದ್ದು ಮೊದಲ ದೂರಿನಲ್ಲಿ. ಅದನ್ನು ಅರಿಯಲು ಅಮೆರಿಕದ ಕಾನೂನಿನ ಒಂದು ಸೂಕ್ಷ್ಮ ಗೊತ್ತಿರಬೇಕು.

ಅಲ್ಲಿ 1998ರಲ್ಲಿ ಡಿಎಂಸಿಎ ಎಂಬ ಕಾಯ್ದೆ ಬಂತು. ಅದರ 512ನೇ ಸೆಕ್ಷನ್ ನಮಗೆಲ್ಲ ಪರೋಕ್ಷವಾಗಿ ಪರಿಚಿತ. ಯಾರೋ ನಮ್ಮ ಹಾಡನ್ನು ತಮ್ಮ ಚಾನೆಲ್‌ನಲ್ಲಿ ಹಾಕಿದ್ದಾರೆ ಎಂದು ದೂರು ಕೊಟ್ಟರೆ ಜಾಲತಾಣ ಅದನ್ನು ತೆಗೆಯಬೇಕು, ಹಾಕಿದವರು ತಕರಾರು ಸಲ್ಲಿಸಬಹುದು. 'ಕಾಪಿರೈಟ್ ಸ್ಟ್ರೈಕ್' ಎಂದು ಯೂಟ್ಯೂಬ್ ಚಾನೆಲ್‌ನವರು ಗೋಳಾಡುವುದು ಇದರ ಬಗ್ಗೆಯೇ. ಆದರೆ ಅದೇ ಕಾಯ್ದೆಯಲ್ಲಿ 1201 ಎಂಬ ಇನ್ನೊಂದು ಸೆಕ್ಷನ್ ಇದೆ. ಕೃತಿಗೆ ಹಾಕಿದ ತಾಂತ್ರಿಕ ರಕ್ಷಣೆಯನ್ನು ಮುರಿಯುವುದನ್ನು ಅದು ನಿಷೇಧಿಸುತ್ತದೆ. ಮುಖ್ಯವಾಗಿ ಮುರಿಯುವುದಕ್ಕೆಂದೇ ಮಾಡಿದ ಉಪಕರಣವನ್ನು ಹಂಚುವುದನ್ನೂ ನಿಷೇಧಿಸುತ್ತದೆ. ಅಂದರೆ ಆ ಉಪಕರಣದಿಂದ ಯಾರೂ ಒಂದು ಹಾಡನ್ನೂ ಕದಿಯದಿದ್ದರೂ ಉಪಕರಣವೇ ತಪ್ಪಾಗಬಹುದು. ಆರ್‌ಐಎಎ ಹಿಡಿದದ್ದು ಈ ಸೆಕ್ಷನ್ನನ್ನು. ವಿಚಿತ್ರವೆಂದರೆ, 512ರಲ್ಲಿ ಇರುವಂಥ ನೋಟಿಸ್, ತಕರಾರು, ಮರುಸ್ಥಾಪನೆಯ ಕ್ರಮ ಯಾವುದೂ 1201ರಲ್ಲಿ ಇಲ್ಲ. ಹಾಗಾಗಿ ಯೂಟ್ಯೂಬ್-ಡಿಎಲ್ ನಡೆಸುವವರಿಗೆ ಎದುರುವಾದ ಮಂಡಿಸುವ ಸಿದ್ಧ ದಾರಿಯೇ ಇರಲಿಲ್ಲ.

ಇನ್ನು ಆ ಬೀಗದ ವಿಷಯ. ಯೂಟ್ಯೂಬ್‌ನ ಕೆಲವು ವಿಡಿಯೊಗಳ ವಿಳಾಸದ ಜೊತೆ ಅಕ್ಷರ, ಅಂಕಿಗಳ ಉದ್ದನೆಯ ಸಾಲೊಂದು ಕಲಸಿದ ಸ್ಥಿತಿಯಲ್ಲಿ ಬರುತ್ತದೆ. ಸಾಲನ್ನು ತಿರುಗುಮುರುಗು ಮಾಡುವುದು, ಎರಡು ಅಕ್ಷರಗಳ ಜಾಗ ಅದಲುಬದಲು ಮಾಡುವುದು, ಕೆಲವನ್ನು ಕತ್ತರಿಸುವುದು, ಹೀಗೆ ಕೆಲವು ಹೆಜ್ಜೆಗಳನ್ನು ಸರಿಯಾಗಿ ಮಾಡಿದರೆ ಮಾತ್ರ ಸರ್ವರ್ ವಿಡಿಯೊ ಕೊಡುತ್ತದೆ. ಹೆಜ್ಜೆಗಳು ಆಗಾಗ ಬದಲಾಗುತ್ತಿರುತ್ತವೆ. ಆದ್ದರಿಂದ ಇದಕ್ಕೆ 'ಉರುಳುವ ಸಂಕೇತ' ಎಂಬ ಅರ್ಥದ ಹೆಸರು ಬಂತು. ಜರ್ಮನಿಯ ಹ್ಯಾಂಬರ್ಗ್ ನ್ಯಾಯಾಲಯ 2017ರಲ್ಲಿ ಇದನ್ನು ಪರಿಣಾಮಕಾರಿ ರಕ್ಷಣೆ ಎಂದು ಒಪ್ಪಿದೆ ಎಂದು ಆರ್‌ಐಎಎ ನೋಟಿಸಿನಲ್ಲೇ ಬರೆದಿತ್ತು.

ಹಾಗಾದರೆ ನಮ್ಮ ಬ್ರೌಸರ್‌ಗೆ ಈ ಹೆಜ್ಜೆಗಳು ಹೇಗೆ ತಿಳಿಯುತ್ತವೆ? ಯೂಟ್ಯೂಬೇ ಹೇಳಿಕೊಡುತ್ತದೆ! ಪುಟದ ಜೊತೆಗೇ ಬರುವ ಜಾವಾಸ್ಕ್ರಿಪ್ಟ್ ಪ್ರೋಗ್ರಾಮಿನಲ್ಲಿ ಆ ಹೆಜ್ಜೆಗಳೆಲ್ಲ ಬರೆದಿರುತ್ತವೆ. ಲಾಗಿನ್ ಬೇಡ, ಪಾಸ್‌ವರ್ಡ್ ಬೇಡ, ಕೇಳಿದವರಿಗೆಲ್ಲ ಸಿಗುತ್ತದೆ. ಯೂಟ್ಯೂಬ್-ಡಿಎಲ್ ಆ ಪ್ರೋಗ್ರಾಮನ್ನು ಓದಿ, ಬ್ರೌಸರ್ ಮಾಡುವ ಹಾಗೆಯೇ ನಡೆಸುತ್ತಿತ್ತು.

ಡಿಜಿಟಲ್ ಹಕ್ಕುಗಳ ಪರವಾಗಿ ಕೆಲಸ ಮಾಡುವ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್, ಅಂದರೆ ಇಎಫ್‌ಎಫ್, ಎಂಬ ಸಂಸ್ಥೆಯ ವಕೀಲರು ಯೂಟ್ಯೂಬ್-ಡಿಎಲ್ ಪರವಾಗಿ ಗಿಟ್‌ಹಬ್‌ಗೆ ಬರೆದ ಪತ್ರದಲ್ಲಿ ಎತ್ತಿ ಹಿಡಿದದ್ದು ಇದನ್ನೇ. ಬಾಗಿಲು ತೆರೆಯಲು ಹೇಳಬೇಕಾದ ಮಾತನ್ನು ಬಾಗಿಲ ಮೇಲೇ ಬರೆದಿಟ್ಟರೆ, ಅದನ್ನು ಓದಿ ಹೇಳಿದವನು ಬೀಗ ಒಡೆದ ಹಾಗಾಯಿತೇ ಎಂಬುದು ಅವರ ವಾದದ ತಿರುಳು. ಜೊತೆಗೆ ಅವರು ಇನ್ನೊಂದು ವ್ಯತ್ಯಾಸ ತೋರಿಸಿದರು. ಹಣ ಕೊಟ್ಟು ನೋಡುವ ಸಿನಿಮಾಗಳಿಗೆ ವೈಡ್‌ವೈನ್‌ನಂಥ ನಿಜವಾದ ಗೂಢಲಿಪಿಯ ರಕ್ಷಣೆ ಇರುತ್ತದೆ. ಅಲ್ಲಿ ವಿಡಿಯೊ ಬರುವುದೇ ಅರ್ಥವಾಗದ ರೂಪದಲ್ಲಿ, ಬಿಡಿಸುವ ಕೀಲಿ ಬೇರೆ ಇರುತ್ತದೆ. ಯೂಟ್ಯೂಬ್-ಡಿಎಲ್ ಅಂಥದ್ದನ್ನು ಬಿಡಿಸುವುದೇ ಇಲ್ಲ.

ಎದುರುಪಕ್ಷದ ಮಾತಿನಲ್ಲೂ ಹುರುಳಿಲ್ಲ ಎನ್ನಲಾಗದು. ಗೇಟಿಗೆ ಚಿಲಕ ಹಾಕಿದ್ದರೂ ಅದು ಒಳಗೆ ಬರಬೇಡಿ ಎಂಬ ಸೂಚನೆಯೇ. ಚಿಲಕ ದುರ್ಬಲ ಎಂಬುದು ಒಳನುಗ್ಗಲು ಪರವಾನಗಿ ಅಲ್ಲ. ಸಂಗೀತ ಕಂಪನಿಗಳ ಲೆಕ್ಕದಲ್ಲಿ ಒಂದು ಹಾಡು ಒಮ್ಮೆ ಫೈಲ್ ಆಗಿ ಇಳಿದರೆ ಆಮೇಲೆ ಎಷ್ಟು ಸಲ ಕೇಳಿದರೂ ಜಾಹೀರಾತಿನ ಹಣ ಹಾಡಿದವರಿಗೂ ಬರೆದವರಿಗೂ ಬರುವುದಿಲ್ಲ. ಆದರೆ ಚಿಲಕ ತೆಗೆದು ಒಳಗೆ ಬಂದವನ ಮೇಲೆ ದೂರು ಕೊಡುವುದು ಬೇರೆ, ಚಿಲಕ ತೆಗೆಯಬಲ್ಲ ಕೈಗಳೇ ಇರಬಾರದು ಎನ್ನುವುದು ಬೇರೆ. ಈ ಲೇಖಕನಿಗೆ ಇಎಫ್‌ಎಫ್ ವಾದವೇ ಹೆಚ್ಚು ಸರಿ ಕಾಣುತ್ತದೆ.

24 ದಿನಗಳು

ತೆಗೆದುಹಾಕಿದ ಸುದ್ದಿ ಹಬ್ಬಿದಂತೆ ಪ್ರೋಗ್ರಾಮರ್‌ಗಳು ಸಿಟ್ಟಿಗೆದ್ದರು. ಸೋರ್ಸ್ ಕೋಡಿನ ನಕಲುಗಳು ನೂರಾರು ಕಡೆ ಕಾಣಿಸಿಕೊಂಡವು. ಕೆಲವರು ಇಡೀ ಕೋಡನ್ನು ಚಿತ್ರದ ರೂಪಕ್ಕೆ ಬದಲಿಸಿ ಟ್ವಿಟರ್‌ನಲ್ಲಿ ಹಂಚಿದರು. ಗಿಟ್‌ಹಬ್ ತನಗೆ ಬಂದ ಕಾಪಿರೈಟ್ ನೋಟಿಸುಗಳನ್ನು ಸಾರ್ವಜನಿಕವಾಗಿ ಇಡುವ ಒಂದು ಕಡತಾಗಾರವಿದೆ. ಗಿಟ್‌ಹಬ್‌ನ ರಚನೆಯಲ್ಲಿದ್ದ ಒಂದು ಸಂದು ಬಳಸಿ ಯಾರೋ ಯೂಟ್ಯೂಬ್-ಡಿಎಲ್ ಕೋಡು ಅದೇ ಕಡತಾಗಾರದ ವಿಳಾಸದಲ್ಲಿ ಕಾಣುವಂತೆ ಮಾಡಿದ್ದು ಆ ದಿನಗಳ ದೊಡ್ಡ ತಮಾಷೆ.

ತಮಾಷೆಯ ಆಚೆಗೆ ಪತ್ರಕರ್ತರು, ದಾಖಲೆ ಸಂರಕ್ಷಕರು ತಮ್ಮ ಕಷ್ಟ ಹೇಳಿಕೊಂಡರು. ಫ್ರೀಡಂ ಆಫ್ ದಿ ಪ್ರೆಸ್ ಫೌಂಡೇಶನ್ ಎಂಬ ಸಂಸ್ಥೆ, ವರದಿಗಾರರು ಈ ಉಪಕರಣವನ್ನು ಹೇಗೆ ಬಳಸುತ್ತಾರೆ ಎಂದು ಬರೆಯಿತು. ಒಂದು ಘಟನೆಯ ವಿಡಿಯೊ ನಿಜವೋ ಸುಳ್ಳೋ ಎಂದು ಪರೀಕ್ಷಿಸಬೇಕಾದರೆ ಅದನ್ನು ಒಂದೊಂದೇ ಚೌಕಟ್ಟಾಗಿ ನಿಲ್ಲಿಸಿ ನೋಡಬೇಕು, ಹಳೆಯ ವಿಡಿಯೊಗಳೊಡನೆ ಹೋಲಿಸಬೇಕು. ಅಷ್ಟರಲ್ಲಿ ಹಾಕಿದವರು ಅಳಿಸಿಬಿಟ್ಟರೆ? ನಿಮ್ಮ ಗ್ರೂಪಿಗೆ ಬಂದ ಫಾರ್ವರ್ಡ್ ಸುಳ್ಳು ಎಂದು ಫ್ಯಾಕ್ಟ್‌ಚೆಕ್ ಮಾಡುವವರಿಗೂ ಮೂಲ ವಿಡಿಯೊದ ಒಂದು ಪ್ರತಿ ಕೈಯಲ್ಲಿರುವುದು ದೊಡ್ಡ ಆಧಾರ.

ಇದು ಸಣ್ಣ ಮಾತಲ್ಲ. ಸಿರಿಯಾದ ಯುದ್ಧದಲ್ಲಿ ಬಾಂಬ್ ದಾಳಿಗಳನ್ನು ಅಲ್ಲಿನ ಜನರೇ ಫೋನಿನಲ್ಲಿ ಚಿತ್ರಿಸಿ ಯೂಟ್ಯೂಬ್‌ಗೆ ಹಾಕುತ್ತಿದ್ದರು. ಉಗ್ರವಾದದ ವಿಡಿಯೊಗಳನ್ನು ತಾನಾಗಿಯೇ ಗುರುತಿಸುವ ಯಂತ್ರವ್ಯವಸ್ಥೆಯನ್ನು ಯೂಟ್ಯೂಬ್ 2017ರಲ್ಲಿ ತಂದಾಗ ಇಂಥ ಸಾವಿರಾರು ವಿಡಿಯೊಗಳೂ ಅಳಿದುಹೋದವು. ಯಂತ್ರಕ್ಕೆ ಕ್ರೌರ್ಯ ನಡೆಸಿದವರ ಪ್ರಚಾರಕ್ಕೂ ಅದನ್ನು ಬಯಲು ಮಾಡಿದವರ ಸಾಕ್ಷ್ಯಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ. ಸಿರಿಯನ್ ಆರ್ಕೈವ್‌ನಂಥ ಗುಂಪುಗಳು ಮೊದಲೇ ಪ್ರತಿ ಮಾಡಿ ಇಟ್ಟುಕೊಂಡದ್ದರಿಂದ ಎಷ್ಟೋ ಉಳಿಯಿತು. ಅದೇ 2017ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಲಿಬಿಯಾದ ಸೇನಾಧಿಕಾರಿ ಮಹಮೂದ್ ಅಲ್-ವರ್ಫಲ್ಲಿ ಮೇಲೆ ಬಂಧನದ ವಾರಂಟ್ ಹೊರಡಿಸಿತು. ಅದಕ್ಕೆ ಮುಖ್ಯ ಆಧಾರ ಸಾಮಾಜಿಕ ಜಾಲತಾಣಗಳಲ್ಲಿ ಬಂದಿದ್ದ ಹತ್ಯೆಯ ವಿಡಿಯೊಗಳು.

ಗಿಟ್‌ಹಬ್‌ನ ಆಗಿನ ಮುಖ್ಯಸ್ಥ ನ್ಯಾಟ್ ಫ್ರೀಡ್‌ಮನ್ ತಾವೇ ಯೂಟ್ಯೂಬ್-ಡಿಎಲ್ ತಂಡದ ಚಾಟ್ ಕೋಣೆಗೆ ಬಂದು ಮಾತಾಡಿದರು. ಇಎಫ್‌ಎಫ್ ಪತ್ರ ತಲುಪಿದ ನಂತರ, ನವೆಂಬರ್ 16ರಂದು ಗಿಟ್‌ಹಬ್ ಎಲ್ಲವನ್ನೂ ಮರಳಿ ಇಟ್ಟಿತು. ಪರೀಕ್ಷೆಯ ಭಾಗದಿಂದ ಆ ಹಾಡುಗಳನ್ನು ಕೈಬಿಡಲಾಯಿತು. ಮುಂದೆ 1201ನೇ ಸೆಕ್ಷನ್ ಅಡಿ ದೂರು ಬಂದರೆ ತಾಂತ್ರಿಕ ತಜ್ಞರೂ ವಕೀಲರೂ ಪರಿಶೀಲಿಸುವರು, ಸಂಶಯವಿದ್ದರೆ ಕೋಡು ಬರೆದವರ ಪರವಾಗಿ ನಿರ್ಧರಿಸಲಾಗುವುದು ಎಂದು ಗಿಟ್‌ಹಬ್ ಘೋಷಿಸಿತು. ಪ್ರೋಗ್ರಾಮರ್‌ಗಳ ಕಾನೂನು ಹೋರಾಟಕ್ಕೆ 10 ಲಕ್ಷ ಡಾಲರ್ ನಿಧಿಯನ್ನೂ ತೆಗೆದಿಟ್ಟಿತು.

ಇಲ್ಲೊಂದು ವಿಷಯ ಗಮನಿಸಬೇಕು. ಈ ಜಗಳ ನ್ಯಾಯಾಲಯಕ್ಕೆ ಹೋಗಲೇ ಇಲ್ಲ. ಹಾಗಾಗಿ "ಕೋರ್ಟ್ ಯೂಟ್ಯೂಬ್-ಡಿಎಲ್ ಅನ್ನು ಬ್ಯಾನ್ ಮಾಡಿತು" ಎಂಬುದೂ ಸುಳ್ಳು, "ಅಮೆರಿಕದ ಕೋರ್ಟ್ ಡೌನ್‌ಲೋಡ್‌ಗೆ ಒಪ್ಪಿಗೆ ಕೊಟ್ಟಿತು" ಎಂಬುದೂ ಸುಳ್ಳು. ಒಂದು ಕಂಪನಿ ಒಂದು ನೋಟಿಸನ್ನು ಮೊದಲು ಪಾಲಿಸಿತು, ಆಮೇಲೆ ತಿರಸ್ಕರಿಸಿತು. ನಡೆದದ್ದು ಅಷ್ಟೇ.

ಹಳೆಯ ಜಗಳ, ಹೊಸ ವೇಷ

ಉಪಕರಣವನ್ನು ದೂರಬೇಕೋ ಬಳಸಿದವರನ್ನೋ ಎಂಬ ಪ್ರಶ್ನೆ ಇಂಟರ್‌ನೆಟ್‌ಗಿಂತ ಹಳೆಯದು. ಟಿವಿ ಕಾರ್ಯಕ್ರಮವನ್ನು ಮನೆಯಲ್ಲೇ ಕ್ಯಾಸೆಟ್ಟಿಗೆ ಮುದ್ರಿಸಿಕೊಳ್ಳುವ ಬೀಟಾಮ್ಯಾಕ್ಸ್ ಯಂತ್ರವನ್ನು ಸೋನಿ ಮಾರತೊಡಗಿದಾಗ ಯೂನಿವರ್ಸಲ್ ಮತ್ತು ಡಿಸ್ನಿ ಕಂಪನಿಗಳು ಮೊಕದ್ದಮೆ ಹೂಡಿದವು. 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಸೋನಿ ಪರ ತೀರ್ಪಿತ್ತಿತು. ಬಿಡುವಾದಾಗ ನೋಡಲೆಂದು ಮುದ್ರಿಸಿಕೊಳ್ಳುವುದು ನ್ಯಾಯಯುತ ಬಳಕೆ, ಗಣನೀಯ ಪ್ರಮಾಣದ ಸಕ್ರಮ ಉಪಯೋಗ ಇರುವ ಯಂತ್ರವನ್ನು ಮಾರಿದ್ದಕ್ಕೆ ಕಂಪನಿಯನ್ನು ಹೊಣೆ ಮಾಡಲಾಗದು ಎಂಬುದು ಅದರ ಸಾರ. ಅಂದು ಯಂತ್ರದ ಪರ ನಿಂತು ಗೆದ್ದ ಸೋನಿಯ ಸಂಗೀತ ವಿಭಾಗ ಇಂದು ಡೌನ್‌ಲೋಡ್ ಉಪಕರಣಗಳ ವಿರುದ್ಧದ ಸಾಲಿನಲ್ಲಿದೆ. ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ.

1998ರ ಕಾಯ್ದೆ ಬಂದ ಮೇಲೆ ಬೀಗದ ಪ್ರಶ್ನೆ ಎದ್ದು ಲೆಕ್ಕ ಬದಲಾಯಿತು. ಡಿವಿಡಿಯ ಗೂಢಲಿಪಿ ಬಿಡಿಸುವ ಡಿಸಿಎಸ್‌ಎಸ್ ಎಂಬ ಪುಟ್ಟ ಪ್ರೋಗ್ರಾಮ್ 1999ರಲ್ಲಿ ಹೊರಬಂದಾಗ, ಅದನ್ನು ಪ್ರಕಟಿಸಿದ ಪತ್ರಿಕೆಯ ವಿರುದ್ಧ ನ್ಯೂಯಾರ್ಕ್ ನ್ಯಾಯಾಲಯ 2000ದಲ್ಲಿ ತೀರ್ಪು ಕೊಟ್ಟಿತು. ಆದರೆ ಅದರ ರಚನೆಯಲ್ಲಿ ಪಾಲುಗೊಂಡಿದ್ದ ನಾರ್ವೆಯ ಹುಡುಗ ಜಾನ್ ಲೆಕ್ ಜೊಹಾನ್ಸನ್ ತನ್ನ ದೇಶದ ನ್ಯಾಯಾಲಯಗಳಲ್ಲಿ 2003ರಲ್ಲಿ ಎರಡೆರಡು ಸಲ ನಿರ್ದೋಷಿಯಾದ. ತಾನೇ ಕೊಂಡ ಡಿವಿಡಿಯನ್ನು ತಾನು ನೋಡುವುದು ತಪ್ಪಲ್ಲ ಎಂದಿತು ನಾರ್ವೆ. ಕೋಡು ಒಂದೇ, ದೇಶ ಬೇರೆಯಾದರೆ ಉತ್ತರವೂ ಬೇರೆ.

ಯೂಟ್ಯೂಬ್-ಡಿಎಲ್ ವಿಷಯದಲ್ಲೂ ಹಾಗೇ ಆಯಿತು. ಅಮೆರಿಕದಲ್ಲಿ ಕೋಡು ಗಿಟ್‌ಹಬ್‌ಗೆ ಮರಳಿದರೆ, ಜರ್ಮನಿಯಲ್ಲಿ ಸೋನಿ, ಯೂನಿವರ್ಸಲ್, ವಾರ್ನರ್ ಸಂಗೀತ ಕಂಪನಿಗಳು ಊಬರ್‌ಸ್ಪೇಸ್ ಎಂಬ ಚಿಕ್ಕ ಹೋಸ್ಟಿಂಗ್ ಸಂಸ್ಥೆಯ ಮೇಲೆ ಮೊಕದ್ದಮೆ ಹಾಕಿದವು. ಊಬರ್‌ಸ್ಪೇಸ್ ಆ ತಂತ್ರಾಂಶ ಬರೆದದ್ದಲ್ಲ. ಅದರ ಬಗ್ಗೆ ಮಾಹಿತಿ ಇದ್ದ ಜಾಲತಾಣಕ್ಕೆ ಬಾಡಿಗೆಗೆ ಜಾಗ ಕೊಟ್ಟಿತ್ತು, ಆ ತಾಣದಲ್ಲಿ ಗಿಟ್‌ಹಬ್‌ಗೆ ಕೊಂಡಿ ಇತ್ತು. 2023ರ ಮಾರ್ಚ್‌ನಲ್ಲಿ ಹ್ಯಾಂಬರ್ಗ್ ನ್ಯಾಯಾಲಯ ಊಬರ್‌ಸ್ಪೇಸ್ ಹೊಣೆ ಎಂದಿತು. ಸಂಸ್ಥೆ ಮೇಲ್ಮನವಿಗೆ ಹೋಯಿತು, ಆದರೆ ಅದೇ ವರ್ಷ ತಾಣವನ್ನು ಮುಚ್ಚಬೇಕಾಯಿತು. ಮನೆ ಬಾಡಿಗೆಗೆ ಕೊಟ್ಟವರನ್ನು ಬಾಡಿಗೆದಾರ ಹೇಳಿದ ಮಾತಿಗೆ ಹಿಡಿದ ಹಾಗೆ ಇದು ಎಂದು ಅಲ್ಲಿನ ಹಲವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಜಾಲತಾಣದಲ್ಲೇ ಲಿಂಕ್ ಹಾಕಿದರೆ ಎಂಪಿ3 ಮಾಡಿಕೊಡುವ ತಾಣಗಳ ಕತೆ ಬೇರೆ. ಅವು ಜಾಹೀರಾತಿನಿಂದ ಹಣ ಮಾಡುವ ವ್ಯವಹಾರಗಳು. ಅಂಥ ಒಂದು ದೊಡ್ಡ ತಾಣ 2017ರಲ್ಲಿ ರಾಜಿಯಾಗಿ ಬಾಗಿಲು ಹಾಕಿತು. ಇನ್ನೊಂದರ ರಷ್ಯಾದ ಮಾಲೀಕನ ಮೇಲೆ ಅಮೆರಿಕದ ನ್ಯಾಯಾಲಯ 2022ರಲ್ಲಿ ಸುಮಾರು 8.3 ಕೋಟಿ ಡಾಲರ್ ಪರಿಹಾರದ ತೀರ್ಪು ಕೊಟ್ಟಿತು. ಯೂಟ್ ಎಂಬ ತಾಣ ತಾನೇ ಮುಂದಾಗಿ ಆರ್‌ಐಎಎ ವಿರುದ್ಧ ಮೊಕದ್ದಮೆ ಹೂಡಿದರೂ 2022ರಲ್ಲಿ ಕೆಳ ನ್ಯಾಯಾಲಯ ಅದನ್ನು ವಜಾ ಮಾಡಿತು. ಯೂಟ್ಯೂಬ್-ಡಿಎಲ್ ಮೇಲೆ ಬಂದ 'ಬೀಗ'ದ ವಾದವೇ ಅಲ್ಲಿ ಗೆದ್ದಿತು ಎಂಬುದು ನೆನಪಿರಲಿ.

ನಮ್ಮ ಕಾನೂನು ಏನು ಹೇಳುತ್ತದೆ?

ಫಾರ್ವರ್ಡ್‌ಗಳಲ್ಲಿ ಬರುವ ಹೆದರಿಕೆಯ ಮಾತುಗಳಲ್ಲಿ ಹೆಚ್ಚಿನವು ಅಮೆರಿಕದ ಸುದ್ದಿಯನ್ನು ನಮ್ಮ ಕಾನೂನು ಎಂಬಂತೆ ಹೇಳುತ್ತವೆ. ಭಾರತದಲ್ಲಿ ಅನ್ವಯವಾಗುವುದು 1957ರ ಹಕ್ಕುಸ್ವಾಮ್ಯ ಕಾಯ್ದೆ.

ಅದರ 52ನೇ ಸೆಕ್ಷನ್ ಖಾಸಗಿ ಅಥವಾ ವೈಯಕ್ತಿಕ ಬಳಕೆ, ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಇವುಗಳಿಗಾಗಿ ಕೃತಿಯನ್ನು ನ್ಯಾಯಯುತವಾಗಿ ಬಳಸುವುದಕ್ಕೆ ಅವಕಾಶ ಕೊಡುತ್ತದೆ. 'ನ್ಯಾಯಯುತ' ಎಂಬ ಮಾತು ಮುಖ್ಯ. ಸಿನಿಮಾ ಪೂರ್ತಿ ಇಳಿಸಿ "ನನ್ನ ಸ್ವಂತಕ್ಕೆ" ಎಂದರೆ ನ್ಯಾಯಾಲಯ ಒಪ್ಪಲೇಬೇಕು ಎಂದಿಲ್ಲ. ಬೀಗ ಮುರಿಯುವ ವಿಷಯ ನಮ್ಮಲ್ಲಿ 2012ರ ತಿದ್ದುಪಡಿಯಲ್ಲಿ 65ಎ ಸೆಕ್ಷನ್ ಆಗಿ ಬಂತು. ಅದಕ್ಕೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಆದರೆ ಅಮೆರಿಕದ ಸೆಕ್ಷನ್‌ಗೂ ಇದಕ್ಕೂ ದೊಡ್ಡ ಅಂತರವಿದೆ. ನಮ್ಮಲ್ಲಿ ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆಯನ್ನು ಮುರಿದರೆ ಮಾತ್ರ ಅಪರಾಧ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಮಾಡಿದರೆ ಅದು ಅನ್ವಯಿಸುವುದಿಲ್ಲ ಎಂದು ಅಲ್ಲೇ ಬರೆದಿದೆ. ಅಂಥ ಉದ್ದೇಶಕ್ಕೆ ಇನ್ನೊಬ್ಬರಿಗೆ ಮುರಿದುಕೊಟ್ಟವರು ಅವರ ಹೆಸರು, ವಿಳಾಸ ದಾಖಲಿಸಿ ಇಡಬೇಕು ಎಂಬ ಷರತ್ತು ಇದೆ. ಉಪಕರಣ ಮಾಡುವುದನ್ನಾಗಲಿ ಫೋನಿನಲ್ಲಿ ಇಟ್ಟುಕೊಳ್ಳುವುದನ್ನಾಗಲಿ ಆ ಸೆಕ್ಷನ್ ಪ್ರತ್ಯೇಕ ಅಪರಾಧ ಎನ್ನುವುದಿಲ್ಲ. "ಫೋನಿನಲ್ಲಿ ಸಿಕ್ಕರೆ ಜೈಲು" ಎಂಬುದು ಹೀಗಾಗಿ ಆಧಾರವಿಲ್ಲದ ಮಾತು.

ಯೂಟ್ಯೂಬ್‌ನ ನಿಯಮ ಬೇರೆ, ದೇಶದ ಕಾನೂನು ಬೇರೆ. ತಾನೇ ಅನುಮತಿ ಕೊಟ್ಟ ಸಂದರ್ಭ ಬಿಟ್ಟು ಡೌನ್‌ಲೋಡ್ ಮಾಡಬಾರದು ಎಂದು ಯೂಟ್ಯೂಬ್ ತನ್ನ ಷರತ್ತುಗಳಲ್ಲಿ ಹೇಳಿದೆ. ಮೀರಿದರೆ ಅದು ನಿಮ್ಮ ಖಾತೆಯ ಮೇಲೆ ಕ್ರಮ ಕೈಗೊಳ್ಳಬಹುದು. ಇದು ಒಪ್ಪಂದದ ಉಲ್ಲಂಘನೆ, ಅಷ್ಟರಿಂದಲೇ ಪೊಲೀಸ್ ಕೇಸ್ ಆಗುವುದಿಲ್ಲ. ಆ್ಯಪ್ ಒಳಗಿನ ಡೌನ್‌ಲೋಡ್ ಬಟನ್ ಇದ್ದರೆ ಯಾವ ತಕರಾರೂ ಇಲ್ಲ. ಭಾರತದಲ್ಲಿ ಆಫ್‌ಲೈನ್ ಸೌಲಭ್ಯ 2014ರ ಡಿಸೆಂಬರ್‌ನಿಂದಲೇ ಇದೆ. ಆದರೆ ಹಾಗೆ ಇಳಿಸಿದ್ದು ಆ್ಯಪ್ ಒಳಗೇ ಇರುತ್ತದೆ, ಮೂಲ ವಿಡಿಯೊ ಅಳಿಸಿಹೋದರೆ ಇದೂ ಹೋಗುತ್ತದೆ. ಸಾಕ್ಷ್ಯವಾಗಿ ಉಳಿಸಬೇಕಾದವರಿಗೆ ಇದರಿಂದ ಉಪಯೋಗವಿಲ್ಲ.

ನಿಜವಾಗಿ ತೊಂದರೆ ಆಗುವುದು ಮುಂದಿನ ಹೆಜ್ಜೆಯಲ್ಲಿ. ಇಳಿಸಿಕೊಂಡದ್ದನ್ನು ತಮ್ಮ ಚಾನೆಲ್‌ಗೆ ಹಾಕುವುದು, ಹೊಸ ಸಿನಿಮಾವನ್ನು ನೂರಾರು ಜನರ ಗ್ರೂಪ್‌ಗೋ ಟೆಲಿಗ್ರಾಂ ಚಾನೆಲ್‌ಗೋ ಕಳಿಸುವುದು, ಇವನ್ನು ವೈಯಕ್ತಿಕ ಬಳಕೆ ಎನ್ನಲು ಬರುವುದಿಲ್ಲ. ಗೊತ್ತಿದ್ದೂ ಹಕ್ಕುಸ್ವಾಮ್ಯ ಉಲ್ಲಂಘಿಸಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ಬರೆದು ಇದಕ್ಕಿಂತ ಕಡಿಮೆ ಶಿಕ್ಷೆ ಕೊಡಬಹುದು. ಇಷ್ಟವಾದ ವಿಡಿಯೊ ಹಂಚಬೇಕೆಂದರೆ ಫೈಲ್ ಬದಲು ಲಿಂಕ್ ಕಳಿಸಿ. ಮಾಡಿದವರಿಗೆ ನೋಟವೂ ಸಿಗುತ್ತದೆ, ಹಣವೂ ಸಿಗುತ್ತದೆ.

ಹೆದರಬೇಕಾದದ್ದು ಯಾವುದಕ್ಕೆ?

ಫೋನ್ ಬಳಕೆದಾರರಿಗೆ ಕಾಪಿರೈಟ್ ಕೇಸಿಗಿಂತ ಹತ್ತಿರದ ಅಪಾಯ ಇನ್ನೊಂದಿದೆ. ಹಕ್ಕುಳ್ಳವರ ಅನುಮತಿಯಿಲ್ಲದೆ ವಿಡಿಯೊ ಇಳಿಸಿಕೊಡುವ ಆ್ಯಪ್‌ಗಳನ್ನು ಗೂಗಲ್ ಪ್ಲೇ ತನ್ನ ಅಂಗಡಿಯಲ್ಲಿ ಬಿಡುವುದಿಲ್ಲ. ಹಾಗಾಗಿ ಅಂಥವು ಎಪಿಕೆ ಫೈಲ್‌ಗಳಾಗಿ ಹೊರಗಿನಿಂದ ಬರುತ್ತವೆ, ಎಷ್ಟೋ ಸಲ ವಾಟ್ಸ್‌ಆ್ಯಪ್‌ನಲ್ಲೇ. ಅವನ್ನು ಹಾಕಿಕೊಳ್ಳಲು 'ಅಪರಿಚಿತ ಮೂಲ'ಕ್ಕೆ ಅನುಮತಿ ಕೊಡಬೇಕು. ಆ ಬಾಗಿಲು ಒಮ್ಮೆ ತೆರೆದರೆ ಒಳಗೆ ಬರುವುದು ವಿಡಿಯೊ ಇಳಿಸುವ ಆ್ಯಪೇ ಅಥವಾ ಎಸ್‌ಎಂಎಸ್ ಓದಿ ಓಟಿಪಿ ಕದಿಯುವ ಆ್ಯಪೇ ಎಂದು ನೋಡಿದ ತಕ್ಷಣ ತಿಳಿಯುವುದಿಲ್ಲ. ವಿಡಿಯೊ ಇಳಿಸಲು ಸಂಪರ್ಕಪಟ್ಟಿ, ಎಸ್‌ಎಂಎಸ್, ಅಕ್ಸೆಸಿಬಿಲಿಟಿ ಅನುಮತಿ ಯಾವುದೂ ಬೇಕಾಗಿಲ್ಲ. ಕೇಳಿದರೆ ಅಲ್ಲೇ ನಿಲ್ಲಿಸಿ, ಅಳಿಸಿ. ಲಿಂಕ್ ಹಾಕಿ ಎಂಪಿ3 ಪಡೆಯುವ ತಾಣಗಳಲ್ಲಿ 'ಡೌನ್‌ಲೋಡ್' ಎಂಬ ನಾಲ್ಕು ಬಟನ್ ಇದ್ದು ಮೂರು ಜಾಹೀರಾತುಗಳಾಗಿರುವುದನ್ನು ನೀವೂ ಕಂಡಿರಬಹುದು. ನೋಟಿಫಿಕೇಶನ್‌ಗೆ ಅನುಮತಿ ಕೇಳಿದರೆ ಕೊಡಬೇಡಿ.

ಓಪನ್ ಸೋರ್ಸ್ ಎಂಬುದಕ್ಕೆ ಇಲ್ಲಿ ಅರ್ಥ ಬರುತ್ತದೆ. ಒಳಗೆ ಏನಿದೆ ಎಂದು ನಾವು ಓದದಿದ್ದರೂ ಓದಬಲ್ಲ ಸಾವಿರಾರು ಜನ ಓದಿರುತ್ತಾರೆ. ಆದರೆ ಆ ಹೆಸರನ್ನೇ ಹಚ್ಚಿಕೊಂಡ ನಕಲಿ ಫೈಲ್‌ಗೆ ಈ ಭರವಸೆ ಸಲ್ಲುವುದಿಲ್ಲ. ಗಿಟ್‌ಹಬ್‌ನಲ್ಲಿರುವ ಮೂಲ ಪುಟದಿಂದ ತಂದದ್ದಕ್ಕೂ ಯಾರೋ ಕಳಿಸಿದ ಫೈಲ್‌ಗೂ ಹೆಸರು ಒಂದೇ ಇರಬಹುದು, ಒಳಗಿನ ಸರಕು ಒಂದೇ ಇರಬೇಕಾಗಿಲ್ಲ.

ಯೂಟ್ಯೂಬ್-ಡಿಎಲ್ ಅನ್ನು ಈಗ ಹೆಚ್ಚು ಜನ ಬಳಸುತ್ತಿಲ್ಲ. 2021ರ ಡಿಸೆಂಬರ್ ನಂತರ ಅದರ ಹೊಸ ಸ್ಥಿರ ಆವೃತ್ತಿ ಬರಲಿಲ್ಲ. ಅದರ ಕೋಡಿನಿಂದಲೇ ಕವಲೊಡೆದ ವೈಟಿ-ಡಿಎಲ್‌ಪಿ ಆ ಜಾಗ ತುಂಬಿದೆ, ಅದೂ ಗಿಟ್‌ಹಬ್‌ನಲ್ಲೇ ಇದೆ. ಯೂಟ್ಯೂಬ್ ತನ್ನ ಜಾವಾಸ್ಕ್ರಿಪ್ಟ್ ಬದಲಿಸಿದಾಗಲೆಲ್ಲ ಅದು ಕೆಟ್ಟು ನಿಲ್ಲುತ್ತದೆ, ಎಲ್ಲೆಲ್ಲೋ ಕುಳಿತ ಹವ್ಯಾಸಿಗಳು ಮತ್ತೆ ಸರಿಮಾಡುತ್ತಾರೆ. 2025ರ ಕೊನೆಯ ಹೊತ್ತಿಗೆ ಯೂಟ್ಯೂಬ್‌ನ ಲೆಕ್ಕಗಳು ಎಷ್ಟು ಜಟಿಲವಾದವೆಂದರೆ, ವೈಟಿ-ಡಿಎಲ್‌ಪಿಯ ಒಳಗಿನ ಪುಟ್ಟ ವ್ಯವಸ್ಥೆಗೆ ಅವನ್ನು ಬಿಡಿಸಲಾಗದೆ ಜಾವಾಸ್ಕ್ರಿಪ್ಟ್ ನಡೆಸುವ ಪೂರ್ಣ ಪ್ರಮಾಣದ ಪ್ರತ್ಯೇಕ ತಂತ್ರಾಂಶವನ್ನು ಜೊತೆಗೆ ಹಾಕಿಕೊಳ್ಳಬೇಕಾಗಿ ಬಂತು. ಬಾಗಿಲ ಮೇಲಿನ ಬರಹ ಈಗಲೂ ಅಲ್ಲೇ ಇದೆ, ಓದುವುದು ಮಾತ್ರ ಮೊದಲಿಗಿಂತ ಕಷ್ಟವಾಗಿದೆ.